ನಡೆದರೆ ನೋವು, ನಿಂತರೆ ಶಮನ: ಕಾಲಿನ ಅಪಧಮನಿ ಕಟ್ಟಿಕೊಂಡಾಗ

ತುಮಕೂರು: ನಗರದ ಹೊರವಲಯದಲ್ಲಿರುವ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಹೊರುವ ಹಮಾಲಿಗಳಿಗಾಗಲಿ, ಪಕ್ಕದ ಕೈಗಾರಿಕಾ ಪ್ರದೇಶದಲ್ಲಿ ದಿನವಿಡೀ ನಿಂತು ದುಡಿಯುವ ಕಾರ್ಮಿಕರಿಗಾಗಲಿ ಕಾಲುನೋವು ಹೊಸ ಸಂಗತಿಯಲ್ಲ. ಸಂಜೆ ಬಿಸಿನೀರು, ರಾತ್ರಿ ಮುಲಾಮು, ಬೆಳಿಗ್ಗೆ ಮತ್ತೆ ಕೆಲಸ. ಬಹುತೇಕರ ಪಾಲಿಗೆ ಕಾಲುನೋವೆಂದರೆ ಇಷ್ಟೇ. ಆದರೆ ಎಲ್ಲ ಕಾಲುನೋವೂ ದಣಿವಿನದಲ್ಲ. ನೂರು ಹೆಜ್ಜೆ ನಡೆದೊಡನೆ ಮೀನಖಂಡ ಬಿಗಿದುಕೊಂಡು, ಎರಡು ಮೂರು ನಿಮಿಷ ನಿಂತರೆ ತಾನಾಗಿಯೇ ಬಿಟ್ಟು, ಪುನಃ ಅಷ್ಟೇ ದೂರ ನಡೆದಾಗ ಮರುಕಳಿಸುವ ನೋವು ರಕ್ತನಾಳ ಕಿರಿದಾಗಿರುವುದರ ಸೂಚನೆಯಾಗಿರಬಹುದು. ಇದನ್ನು ವಯಸ್ಸಿನ ಕಾಲುನೋವೆಂದು ನಿರ್ಲಕ್ಷಿಸಿದವರಲ್ಲಿ ಕೆಲವರು ಬೆರಳು ಕಪ್ಪಾದ ಮೇಲೆ ಆಸ್ಪತ್ರೆ ತಲುಪುತ್ತಾರೆ. ಆ ಹೊತ್ತಿಗೆ ಕಾಲು ಉಳಿಸಿಕೊಳ್ಳುವ ಅವಕಾಶ ಕೈತಪ್ಪಿ ಹೋಗಿರುವುದೂ ಉಂಟು.

ಹೃದಯದ ರಕ್ತನಾಳ ಕಟ್ಟಿಕೊಳ್ಳುವುದರ ಬಗ್ಗೆ ಇಂದು ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಅದೇ ರೋಗ ಹೊಟ್ಟೆಯ ಕೆಳಭಾಗದಲ್ಲಿ ಮತ್ತು ಕಾಲುಗಳಲ್ಲಿಯೂ ಬರುತ್ತದೆ ಎಂಬ ತಿಳಿವಳಿಕೆ ಮಾತ್ರ ಕಡಿಮೆ. 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವಿಶ್ಲೇಷಣೆಯೊಂದರ ಪ್ರಕಾರ 2015ರಲ್ಲಿ ವಿಶ್ವದಾದ್ಯಂತ ಸುಮಾರು 23.6 ಕೋಟಿ ವಯಸ್ಕರಲ್ಲಿ ಈ ಕಾಯಿಲೆ ಇತ್ತು. ಇವರಲ್ಲಿ ಅನೇಕರಿಗೆ ಯಾವ ನೋವೂ ಇರುವುದಿಲ್ಲ ಎಂಬುದು ಗಮನಾರ್ಹ.

ಏನಿದು ಕಾಯಿಲೆ?

ಹೃದಯದಿಂದ ಹೊರಡುವ ಮಹಾಪಧಮನಿ ಬೆನ್ನುಮೂಳೆಯ ಮುಂಭಾಗದಲ್ಲಿ ಕೆಳಗಿಳಿದು, ಹೆಚ್ಚುಕಡಿಮೆ ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆಯುತ್ತದೆ. ಇವೇ ಇಲಿಯಾಕ್ ಅಪಧಮನಿಗಳು. ಒಂದೊಂದೂ ಮತ್ತೆ ಎರಡಾಗಿ, ಒಳಕವಲು ಪೃಷ್ಠಕ್ಕೆ ಹಾಗೂ ಕಿಬ್ಬೊಟ್ಟೆಯ ಅಂಗಗಳಿಗೆ ರಕ್ತ ಒದಗಿಸಿದರೆ, ಹೊರಕವಲು ತೊಡೆಸಂದಿನ ಮೂಲಕ ಕಾಲಿಗೆ ಇಳಿಯುತ್ತದೆ. ತೊಡೆಯಲ್ಲಿ ಅದಕ್ಕೆ ಫಿಮೊರಲ್ ಎಂದೂ, ಮೊಣಕಾಲಿನ ಹಿಂಬದಿಯಲ್ಲಿ ಪಾಪ್ಲಿಟಿಯಲ್ ಎಂದೂ ಹೆಸರು. ಮೊಣಕಾಲಿನ ಕೆಳಗೆ ಮೂರು ಸಣ್ಣ ನಾಳಗಳಾಗಿ ಹರಡಿಕೊಂಡು ಅದು ಪಾದವನ್ನು ತಲುಪುತ್ತದೆ.

ಈ ನಾಳಗಳ ಒಳಗೋಡೆಯಲ್ಲಿ ವರ್ಷಾನುಗಟ್ಟಲೆ ಕೊಬ್ಬು, ನಾರಿನ ಅಂಶ ಹಾಗೂ ಸುಣ್ಣದ ಅಂಶ ಶೇಖರವಾಗಿ ಗಡ್ಡೆಗಟ್ಟುತ್ತವೆ. ನಾಳ ಕಿರಿದಾಗುತ್ತದೆ, ಗೋಡೆ ಪೆಡಸಾಗುತ್ತದೆ. ಕುಳಿತಿರುವಾಗ ಸ್ನಾಯುಗಳಿಗೆ ಬೇಕಾದ ರಕ್ತ ಅಲ್ಪ. ಆದ್ದರಿಂದ ಕಿರಿದಾದ ನಾಳವೂ ಆಗ ಸಾಕಾಗುತ್ತದೆ. ನಡೆಯುವಾಗ ಸ್ನಾಯುಗಳ ಬೇಡಿಕೆ ಹಲವು ಪಟ್ಟು ಏರುತ್ತದೆ, ಪೂರೈಕೆ ಏರಲಾರದು. ಆಮ್ಲಜನಕದ ಕೊರತೆಯಿಂದ ನೋವು ಹುಟ್ಟುತ್ತದೆ. ನಿಂತೊಡನೆ ಬೇಡಿಕೆ ಇಳಿದು ನೋವೂ ಇಳಿಯುತ್ತದೆ. ನಡೆದರೆ ನೋವು, ನಿಂತರೆ ಶಮನ ಎಂಬ ಲಕ್ಷಣದ ಹಿಂದಿರುವ ಲೆಕ್ಕ ಇಷ್ಟೇ.

ತಡೆಯಿರುವ ಜಾಗಕ್ಕೆ ತಕ್ಕಂತೆ ನೋವು

ನೋವು ಸಾಮಾನ್ಯವಾಗಿ ತಡೆಯಿರುವ ಸ್ಥಳಕ್ಕಿಂತ ಕೆಳಗಿನ ಸ್ನಾಯುವಿನಲ್ಲಿ ಕಾಣಿಸಿಕೊಳ್ಳುತ್ತದೆ. ತೊಡೆಯ ನಾಳ ಕಟ್ಟಿದ್ದರೆ ಮೀನಖಂಡದಲ್ಲಿ ನೋವು. ಹೊಟ್ಟೆಯ ಕೆಳಭಾಗದ ಇಲಿಯಾಕ್ ನಾಳ ಕಟ್ಟಿದ್ದರೆ ಪೃಷ್ಠ ಮತ್ತು ತೊಡೆಯಲ್ಲಿ ನೋವು. ಮಹಾಪಧಮನಿ ಕವಲೊಡೆಯುವಲ್ಲಿಯೇ ತಡೆ ಉಂಟಾದರೆ ಎರಡೂ ಕಾಲುಗಳಲ್ಲಿ ಆಯಾಸ, ತೊಡೆಸಂದಿನಲ್ಲಿ ನಾಡಿ ಸಿಗದಿರುವುದು ಹಾಗೂ ಪುರುಷರಲ್ಲಿ ಲೈಂಗಿಕ ದೌರ್ಬಲ್ಯ ಒಟ್ಟಾಗಿ ಕಂಡುಬರುತ್ತವೆ. ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆರಿಷ್ 1940ರಲ್ಲಿ ವಿವರಿಸಿದ ಈ ಲಕ್ಷಣಗಳ ಕೂಟಕ್ಕೆ ಅವರದೇ ಹೆಸರಿದೆ. ಕೊನೆಯ ತೊಂದರೆಯನ್ನು ಹೇಳಿಕೊಳ್ಳಲು ಸಂಕೋಚಪಡುವ ರೋಗಿಗಳೇ ಹೆಚ್ಚು. ಹೀಗಾಗಿ ಸೊಂಟನೋವು, ಬೆನ್ನುಮೂಳೆ ಸವೆತ ಎಂದುಕೊಂಡು ಚಿಕಿತ್ಸೆ ದಾರಿ ತಪ್ಪುವುದುಂಟು.

ಬೆನ್ನುಮೂಳೆಯ ನರ ಒತ್ತಿಕೊಂಡಾಗಲೂ ನಡೆಯುವಾಗ ಕಾಲು ನೋಯುತ್ತದೆ. ವ್ಯತ್ಯಾಸವೆಂದರೆ, ನರದ ನೋವು ಸುಮ್ಮನೆ ನಿಂತರೆ ಹೋಗುವುದಿಲ್ಲ. ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಕಡಿಮೆಯಾಗುತ್ತದೆ. ಅಪಧಮನಿಯ ನೋವು ನಿಂತಲ್ಲೇ ಶಮನವಾಗುತ್ತದೆ. ಕಾಲಿನ ಮೇಲೆ ಹುರಿಗಟ್ಟಿದಂತೆ ಕಾಣುವ ಉಬ್ಬಿದ ನಾಳಗಳ ತೊಂದರೆ ಅಭಿಧಮನಿಗಳದು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಯಾರಿಗೆ ಅಪಾಯ ಹೆಚ್ಚು?

ಮೊದಲ ಶತ್ರು ತಂಬಾಕು. ಬೀಡಿ, ಸಿಗರೇಟು ಸೇದುವವರಲ್ಲಿ ಈ ಕಾಯಿಲೆಯ ಅಪಾಯ ಹಲವು ಪಟ್ಟು ಅಧಿಕ. ಹೊಟ್ಟೆಯ ಕೆಳಭಾಗದ ನಾಳಗಳು ಕಟ್ಟಿಕೊಳ್ಳುವುದು ಧೂಮಪಾನಿಗಳಲ್ಲಿಯೇ ಹೆಚ್ಚು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು.

ಎರಡನೆಯದು ಮಧುಮೇಹ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿರುವರೆಂದು ಅಂದಾಜಿಸಿದೆ. ಮಧುಮೇಹ ಮೊಣಕಾಲಿನ ಕೆಳಗಿನ ಸಣ್ಣ ನಾಳಗಳನ್ನು ಹೆಚ್ಚಾಗಿ ಕಾಡುತ್ತದೆ. ಜೊತೆಗೆ ನರಗಳ ಸ್ಪರ್ಶಶಕ್ತಿಯನ್ನೂ ಕುಂದಿಸುತ್ತದೆ. ಹಾಗಾಗಿ ರಕ್ತ ಸಂಚಾರ ನಿಲ್ಲುತ್ತಿದ್ದರೂ ನೋವು ತಿಳಿಯದು. ಚಪ್ಪಲಿ ಕಚ್ಚಿದ ಗಾಯವೇ ಮೊದಲ ಲಕ್ಷಣವಾಗಿಬಿಡುತ್ತದೆ. ಅಧಿಕ ರಕ್ತದೊತ್ತಡ, ಕೊಲೆಸ್ಟರಾಲ್, ಮೂತ್ರಪಿಂಡದ ವೈಫಲ್ಯ ಹಾಗೂ ವಯಸ್ಸು ಉಳಿದ ಕಾರಣಗಳು.

ಕೊಬ್ಬಿಗೆ ಸಂಬಂಧಿಸದ ಎರಡು ರೋಗಗಳನ್ನು ಭಾರತದಲ್ಲಿ ಮರೆಯುವಂತಿಲ್ಲ. ಒಂದು, ಬರ್ಜರ್ ಕಾಯಿಲೆ. ಅಮೆರಿಕದ ವೈದ್ಯ ಲಿಯೊ ಬರ್ಜರ್ 1908ರಲ್ಲಿ ವಿವರಿಸಿದ ಈ ರೋಗ ತಂಬಾಕು ಸೇವಿಸುವ, ಐವತ್ತು ದಾಟದ ವಯಸ್ಸಿನವರ ಕೈಕಾಲುಗಳ ಸಣ್ಣ ಹಾಗೂ ಮಧ್ಯಮ ಗಾತ್ರದ ನಾಳಗಳಲ್ಲಿ ಉರಿಯೂತ ಉಂಟುಮಾಡಿ ಅವನ್ನು ಮುಚ್ಚಿಬಿಡುತ್ತದೆ. ತಂಬಾಕನ್ನು ಸಂಪೂರ್ಣ ತ್ಯಜಿಸುವುದೇ ಇದಕ್ಕೆ ಮುಖ್ಯ ಚಿಕಿತ್ಸೆ. ದಿನಕ್ಕೊಂದು ಬೀಡಿಯೂ ರೋಗವನ್ನು ಮುಂದುವರಿಸಬಲ್ಲದು. ಇನ್ನೊಂದು, ಟಕಯಾಸು ಕಾಯಿಲೆ. ಇದು ಮಹಾಪಧಮನಿ ಹಾಗೂ ಅದರ ಕವಲುಗಳ ಉರಿಯೂತವಾಗಿದ್ದು ಯುವತಿಯರಲ್ಲಿ ಹೆಚ್ಚು.

ನಾಲ್ಕು ಹಂತಗಳು

ವೈದ್ಯರು 1954ರಿಂದ ಬಳಕೆಯಲ್ಲಿರುವ ಫಾಂಟೇನ್ ವರ್ಗೀಕರಣದಂತೆ ರೋಗವನ್ನು ನಾಲ್ಕು ಹಂತಗಳಾಗಿ ಗುರುತಿಸುತ್ತಾರೆ. ಮೊದಲ ಹಂತದಲ್ಲಿ ತಡೆಯಿದ್ದರೂ ಲಕ್ಷಣಗಳಿಲ್ಲ. ಎರಡನೆಯ ಹಂತದಲ್ಲಿ ನಡೆದಾಗ ನೋವು. ಮೂರನೆಯ ಹಂತದಲ್ಲಿ ವಿಶ್ರಾಂತಿಯಲ್ಲಿಯೂ, ವಿಶೇಷವಾಗಿ ರಾತ್ರಿ ಮಲಗಿದಾಗ, ಪಾದದಲ್ಲಿ ನೋವು. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ಒಂದಿಷ್ಟು ಸಮಾಧಾನ. ನಾಲ್ಕನೆಯ ಹಂತದಲ್ಲಿ ಒಣಗದ ಹುಣ್ಣು ಅಥವಾ ಗ್ಯಾಂಗ್ರೀನ್.

ಎರಡನೆಯ ಹಂತದಲ್ಲಿರುವವರು ಗಾಬರಿಪಡಬೇಕಿಲ್ಲ. ಅವರಲ್ಲಿ ಐದು ವರ್ಷಗಳೊಳಗೆ ಕಾಲು ಕಳೆದುಕೊಳ್ಳುವವರು ನೂರಕ್ಕೆ ಐವರಿಗಿಂತ ಕಡಿಮೆ. ಅವರಿಗೆ ದೊಡ್ಡ ಅಪಾಯವಿರುವುದು ಹೃದಯಾಘಾತ ಮತ್ತು ಪಾರ್ಶ್ವವಾಯುವಿನಿಂದ. ಕಾಲಿನ ನಾಳ ಕಟ್ಟಿದೆಯೆಂದರೆ ಹೃದಯ ಹಾಗೂ ಮಿದುಳಿನ ನಾಳಗಳೂ ಸುಸ್ಥಿತಿಯಲ್ಲಿ ಇಲ್ಲದಿರುವ ಸಂಭವ ಹೆಚ್ಚು. ಮೂರು ಹಾಗೂ ನಾಲ್ಕನೆಯ ಹಂತಗಳ ಮಾತು ಬೇರೆ. ರಕ್ತ ಸಂಚಾರವನ್ನು ಪುನಃಸ್ಥಾಪಿಸದೆ ಹೋದರೆ ಸುಮಾರು ನಾಲ್ವರಲ್ಲಿ ಒಬ್ಬರು ಒಂದು ವರ್ಷದೊಳಗೆ ಕಾಲು ಕಳೆದುಕೊಳ್ಳುವ ಸಾಧ್ಯತೆ ಇದೆ.

ಕುದುರೆಯಿಂದ ತಿಳಿದ ರೋಗ

ಟಿಪ್ಪು ಸುಲ್ತಾನನ ಕಾಲದ್ದೆಂದು ಹೇಳಲಾಗುವ ಕುಣಿಗಲ್‌ನ ಕುದುರೆ ಫಾರಂನಿಂದಾಗಿ ತುಮಕೂರು ಜಿಲ್ಲೆಗೆ ಕುದುರೆಗಳೊಂದಿಗೆ ಹಳೆಯ ನಂಟು. ಈ ರೋಗವೂ ಮೊದಲು ಸ್ಪಷ್ಟವಾಗಿ ದಾಖಲಾದದ್ದು ಕುದುರೆಯೊಂದರಲ್ಲಿ ಎಂಬುದು ಕುತೂಹಲಕರ. 1831ರಲ್ಲಿ ಫ್ರಾನ್ಸಿನ ಪಶುವೈದ್ಯ ಬೂಲೆ, ಸ್ವಲ್ಪ ದೂರ ಓಡಿದೊಡನೆ ಕುಂಟುತ್ತಿದ್ದ, ವಿಶ್ರಾಂತಿ ಸಿಕ್ಕೊಡನೆ ಸರಿಹೋಗುತ್ತಿದ್ದ ಕುದುರೆಯನ್ನು ವಿವರಿಸಿ, ಅದರ ತೊಡೆಯ ಅಪಧಮನಿ ಕಟ್ಟಿಕೊಂಡಿದ್ದುದನ್ನು ತೋರಿಸಿದರು. 1858ರಲ್ಲಿ ಶಾರ್ಕೊ ಮನುಷ್ಯರಲ್ಲಿಯೂ ಅದೇ ಸ್ಥಿತಿಯನ್ನು ಗುರುತಿಸಿದರು. ವೈದ್ಯರು ಇಂದಿಗೂ ಬಳಸುವ ಕ್ಲಾಡಿಕೇಶನ್ ಎಂಬ ಪದಕ್ಕೆ ಲ್ಯಾಟಿನ್ ಮೂಲದಲ್ಲಿ ಕುಂಟುವುದು ಎಂದೇ ಅರ್ಥ.

ಪತ್ತೆ ಹಚ್ಚುವುದು ಹೇಗೆ?

ಮೊದಲ ಪರೀಕ್ಷೆಗೆ ಯಂತ್ರ ಬೇಕಿಲ್ಲ. ತೊಡೆಸಂದು, ಮೊಣಕಾಲಿನ ಹಿಂಭಾಗ, ಕಣಕಾಲಿನ ಒಳಬದಿ ಹಾಗೂ ಪಾದದ ಮೇಲ್ಭಾಗದಲ್ಲಿ ನಾಡಿ ಸಿಗುತ್ತದೆಯೇ ಎಂದು ವೈದ್ಯರು ಬೆರಳಿಟ್ಟು ನೋಡುತ್ತಾರೆ. ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, ಕಿರಿದಾದ ನಾಳದಲ್ಲಿ ರಕ್ತ ನುಗ್ಗುವ ಸದ್ದಿದೆಯೇ ಎಂದು ಆಲಿಸುತ್ತಾರೆ. ಕಾಲಿನ ಚರ್ಮ ತಣ್ಣಗಿರುವುದು, ಕೂದಲು ಉದುರಿ ನುಣುಪಾಗಿರುವುದು, ಕಾಲೆತ್ತಿದಾಗ ಬಿಳಿಚಿಕೊಂಡು ಇಳಿಬಿಟ್ಟಾಗ ಕೆಂಪಾಗುವುದು ಇತರ ಸೂಚನೆಗಳು.

ಎರಡನೆಯದು ಕಣಕಾಲಿನ ಮತ್ತು ತೋಳಿನ ರಕ್ತದೊತ್ತಡಗಳ ಹೋಲಿಕೆ. ಇದಕ್ಕೆ ಎಬಿಐ ಪರೀಕ್ಷೆ ಎನ್ನುತ್ತಾರೆ. ರಕ್ತದೊತ್ತಡ ಅಳೆಯುವ ಪಟ್ಟಿ ಹಾಗೂ ಕೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್ ಸಾಧನ ಇದ್ದರೆ ಸಾಕು, ಸೂಜಿಯಿಲ್ಲ, ನೋವಿಲ್ಲ. ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಲಾಗುತ್ತದೆ. ಉದಾಹರಣೆಗೆ, ತೋಳಿನಲ್ಲಿ 130, ಕಣಕಾಲಿನಲ್ಲಿ 78 ಇದ್ದರೆ ಅನುಪಾತ 0.60. ಸಾಮಾನ್ಯ ಮಟ್ಟ 1.00ರಿಂದ 1.40. 0.90 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ರೋಗವಿದೆಯೆಂದು ಅರ್ಥ. 0.40ಕ್ಕಿಂತ ಇಳಿದರೆ ಸ್ಥಿತಿ ಗಂಭೀರ.

ಈ ಪರೀಕ್ಷೆಗೂ ಒಂದು ಮಿತಿ ಇದೆ. ದೀರ್ಘಕಾಲದ ಮಧುಮೇಹಿಗಳಲ್ಲಿ ಹಾಗೂ ಮೂತ್ರಪಿಂಡದ ರೋಗಿಗಳಲ್ಲಿ ನಾಳಗಳು ಸುಣ್ಣಗಟ್ಟಿ ಪಟ್ಟಿಯ ಒತ್ತಡಕ್ಕೆ ಬಗ್ಗುವುದಿಲ್ಲ. ಆಗ ಅನುಪಾತ 1.40ಕ್ಕಿಂತ ಹೆಚ್ಚಾಗಿಯೋ, ಸುಳ್ಳೇ ಸಹಜವಾಗಿಯೋ ತೋರಬಹುದು. ಇಂಥವರಲ್ಲಿ ಕಾಲಿನ ಹೆಬ್ಬೆರಳಿನ ಒತ್ತಡವನ್ನು ಅಳೆಯಬೇಕಾಗುತ್ತದೆ.

ಮುಂದಿನದು ಡಾಪ್ಲರ್ ಸ್ಕ್ಯಾನ್. ಧ್ವನಿತರಂಗಗಳ ನೆರವಿನಿಂದ ತಡೆ ಎಲ್ಲಿದೆ, ಎಷ್ಟಿದೆ ಎಂಬುದನ್ನು ಇದು ತೋರಿಸುತ್ತದೆ. ಆದರೆ ಸ್ಥೂಲಕಾಯದವರಲ್ಲಿ, ಕರುಳಿನಲ್ಲಿ ವಾಯು ತುಂಬಿರುವವರಲ್ಲಿ ಹೊಟ್ಟೆಯ ನಾಳಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಶಸ್ತ್ರಚಿಕಿತ್ಸೆ ಅಥವಾ ಆಂಜಿಯೋಪ್ಲಾಸ್ಟಿ ನಡೆಸುವುದೆಂದು ನಿರ್ಧಾರವಾದಾಗ ಸಿಟಿ ಆಂಜಿಯೋಗ್ರಾಂ ಅಥವಾ ಎಂಆರ್ ಆಂಜಿಯೋಗ್ರಾಂ ಮಾಡಲಾಗುತ್ತದೆ. ಸಿಟಿ ಪರೀಕ್ಷೆಗೆ ಬಳಸುವ ಬಣ್ಣದ ದ್ರಾವಣ ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದಾದ್ದರಿಂದ ಮೊದಲೇ ರಕ್ತದಲ್ಲಿನ ಕ್ರಿಯಾಟಿನಿನ್ ಪ್ರಮಾಣ ನೋಡಬೇಕು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುವವರು ಅದನ್ನು ಮುಂಚಿತವಾಗಿ ತಿಳಿಸಬೇಕು. ನಾಳದೊಳಗೇ ಕೊಳವೆ ಹಾಯಿಸಿ ಮಾಡುವ ಆಂಜಿಯೋಗ್ರಾಂ ಅನ್ನು ಈಗ ಬಹುತೇಕ ಚಿಕಿತ್ಸೆಯ ಜೊತೆಯಲ್ಲಿಯೇ ಕೈಗೊಳ್ಳಲಾಗುತ್ತದೆ.

ಮೊದಲ ಚಿಕಿತ್ಸೆ: ನಡಿಗೆ ಮತ್ತು ಮಾತ್ರೆ

ಕಾಲುನೋವೆಂದರೆ ವಿಶ್ರಾಂತಿ ಎಂಬುದು ರೂಢಿಯ ನಂಬಿಕೆ. ಎರಡನೆಯ ಹಂತದ ರೋಗಿಗಳಿಗೆ ಸಲಹೆ ತದ್ವಿರುದ್ಧ: ನಡೆಯಬೇಕು. ನೋವು ಸಾಕಷ್ಟು ಬರುವವರೆಗೆ ನಡೆದು, ನಿಂತು, ಶಮನವಾದ ಮೇಲೆ ಪುನಃ ನಡೆಯುವ ಕ್ರಮವನ್ನು ದಿನಕ್ಕೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ, ಮೂರು ತಿಂಗಳು ಪಾಲಿಸಿದರೆ ನೋವಿಲ್ಲದೆ ನಡೆಯಬಲ್ಲ ದೂರ ಗಣನೀಯವಾಗಿ ಹೆಚ್ಚುತ್ತದೆ. ಕಟ್ಟಿದ ನಾಳ ಇದರಿಂದ ತೆರೆದುಕೊಳ್ಳುವುದಿಲ್ಲ. ಸ್ನಾಯುಗಳು ಲಭ್ಯ ರಕ್ತವನ್ನು ಉತ್ತಮವಾಗಿ ಬಳಸಿಕೊಳ್ಳಲು ಕಲಿಯುತ್ತವೆ. ಸಮತಟ್ಟಾದ ರಸ್ತೆಯೋ ಮೈದಾನವೋ ಇದಕ್ಕೆ ಸಾಕು. ದೇವರಾಯನದುರ್ಗದ ಬೆಟ್ಟ ಹತ್ತಬೇಕಿಲ್ಲ. ಪಾದದಲ್ಲಿ ಹುಣ್ಣಿರುವವರು, ವಿಶ್ರಾಂತಿಯಲ್ಲಿಯೂ ನೋವಿರುವವರು ಈ ಕ್ರಮವನ್ನು ಅನುಸರಿಸಬಾರದು. ಹೃದ್ರೋಗ ಇರುವವರು ವೈದ್ಯರ ಸಲಹೆ ಪಡೆದೇ ಆರಂಭಿಸಬೇಕು.

ತಂಬಾಕು ತ್ಯಜಿಸುವುದು ಎಲ್ಲ ಹಂತಗಳಲ್ಲಿಯೂ ಕಡ್ಡಾಯ. ಬೈಪಾಸ್ ಅಥವಾ ಸ್ಟೆಂಟ್ ಪಡೆದ ಮೇಲೂ ಧೂಮಪಾನ ಮುಂದುವರಿಸಿದರೆ ಅದು ಮತ್ತೆ ಕಟ್ಟಿಕೊಳ್ಳುವ ಸಂಭವ ಅಧಿಕ. ತಂಬಾಕು ಬಿಡಬಯಸುವವರಿಗೆ ಕೇಂದ್ರ ಆರೋಗ್ಯ ಸಚಿವಾಲಯದ ಉಚಿತ ಸಹಾಯವಾಣಿ 1800-11-2356 ಲಭ್ಯವಿದೆ.

ಔಷಧಗಳಲ್ಲಿ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಸ್ಟಾಟಿನ್ ಮಾತ್ರೆ ಕೊಲೆಸ್ಟರಾಲ್ ಇಳಿಸುವುದರ ಜೊತೆಗೆ ಹೃದಯಾಘಾತದ ಅಪಾಯವನ್ನೂ ತಗ್ಗಿಸುತ್ತದೆ. ಆಯ್ದ ರೋಗಿಗಳಿಗೆ ಆಸ್ಪಿರಿನ್ ಜೊತೆ ಅಲ್ಪ ಪ್ರಮಾಣದ ರಿವಾರಾಕ್ಸಬಾನ್ ನೀಡುವುದರಿಂದ ಕಾಲಿಗೆ ಹೆಚ್ಚಿನ ರಕ್ಷಣೆ ದೊರೆಯುತ್ತದೆ ಎಂದು 2017 ಹಾಗೂ 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು ತೋರಿಸಿವೆ. ಆದರೆ ರಕ್ತಸ್ರಾವದ ಅಪಾಯವೂ ಹೆಚ್ಚುತ್ತದೆ. ಸಿಲೊಸ್ಟಜಾಲ್ ಎಂಬ ಮಾತ್ರೆ ನಡೆಯಬಲ್ಲ ದೂರವನ್ನು ಹೆಚ್ಚಿಸುತ್ತದೆ. ಹೃದಯ ವೈಫಲ್ಯ ಇರುವವರಿಗೆ ಇದನ್ನು ನೀಡುವಂತಿಲ್ಲ. ಒಬ್ಬರಿಗೆ ಬರೆದುಕೊಟ್ಟ ಚೀಟಿಯನ್ನು ಇನ್ನೊಬ್ಬರು ಮೆಡಿಕಲ್ ಸ್ಟೋರಿಗೆ ಒಯ್ಯಬಾರದು ಎನ್ನುವುದು ಇದಕ್ಕಾಗಿಯೇ.

ಬಲೂನ್, ಸ್ಟೆಂಟ್, ಬೈಪಾಸ್

ಔಷಧ ಮತ್ತು ನಡಿಗೆಯಿಂದಲೂ ದುಡಿಮೆ ಸಾಧ್ಯವಾಗದಿದ್ದಾಗ, ಅಥವಾ ರೋಗ ಮೂರು ನಾಲ್ಕನೆಯ ಹಂತ ತಲುಪಿದಾಗ ನಾಳವನ್ನು ತೆರೆಯಬೇಕಾಗುತ್ತದೆ.

ಇಂದು ಆಂಜಿಯೋಪ್ಲಾಸ್ಟಿ ಎಂದರೆ ಹೃದಯವೇ ನೆನಪಾಗುತ್ತದೆ. ಆದರೆ ಅದು ಆರಂಭವಾದದ್ದು ಕಾಲಿನಲ್ಲಿ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಚಾರ್ಲ್ಸ್ ಡಾಟರ್, ಬೆರಳುಗಳಿಗೆ ಗ್ಯಾಂಗ್ರೀನ್ ತಗುಲಿದ್ದರೂ ಕಾಲು ಕತ್ತರಿಸಲು ಒಪ್ಪದ 82 ವರ್ಷದ ಮಹಿಳೆಯೊಬ್ಬರ ತೊಡೆಯ ಅಪಧಮನಿಯನ್ನು ಕೊಳವೆ ತೂರಿಸಿ ಹಿಗ್ಗಿಸಿದರು. ಆಕೆಯ ಕಾಲು ಉಳಿಯಿತು. 1974ರಲ್ಲಿ ಜೂರಿಕ್‌ನ ಆಂಡ್ರಿಯಾಸ್ ಗ್ರುಂಟ್ಜಿಗ್ ಬಲೂನ್ ವಿಧಾನವನ್ನು ಕಾಲಿನ ನಾಳಗಳಲ್ಲಿ ಬಳಸಿ, 1977ರಲ್ಲಿ ಹೃದಯಕ್ಕೆ ಕೊಂಡೊಯ್ದರು.

ಹೊಟ್ಟೆಯ ಕೆಳಭಾಗದ ಇಲಿಯಾಕ್ ನಾಳಗಳಲ್ಲಿ ಬಲೂನ್ ಮತ್ತು ಸ್ಟೆಂಟ್ ಒಳ್ಳೆಯ ಫಲ ನೀಡುತ್ತವೆ ಹಾಗೂ ದೀರ್ಘಕಾಲ ಬಾಳುತ್ತವೆ. ತೊಡೆಸಂದಿನಲ್ಲಿ ಸಣ್ಣ ರಂಧ್ರ ಮಾಡಿ ನಡೆಸುವ ಈ ಚಿಕಿತ್ಸೆಯ ಬಳಿಕ ಹೆಚ್ಚಿನವರು ಒಂದೆರಡು ದಿನಗಳಲ್ಲಿ ಮನೆಗೆ ಮರಳಬಹುದು. ತೊಡೆ ಮತ್ತು ಮೊಣಕಾಲಿನ ನಾಳಗಳ ಸಂಗತಿ ಬೇರೆ. ಪ್ರತಿ ಹೆಜ್ಜೆಗೂ ಬಾಗುವ, ತಿರುಚುವ ಈ ನಾಳಗಳು ಪುನಃ ಕಿರಿದಾಗುವುದು ಹೆಚ್ಚು. ಔಷಧ ಲೇಪಿತ ಬಲೂನ್‌ಗಳನ್ನು ಇದಕ್ಕಾಗಿಯೇ ರೂಪಿಸಲಾಯಿತು. ಅವು ಸಾವಿನ ಪ್ರಮಾಣ ಹೆಚ್ಚಿಸುತ್ತವೆಯೇ ಎಂಬ ಶಂಕೆ 2018ರಲ್ಲಿ ಎದ್ದಿತ್ತು. ಹೆಚ್ಚಿನ ಮಾಹಿತಿ ಪರಿಶೀಲಿಸಿದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಅಂಥ ಅಪಾಯಕ್ಕೆ ಆಧಾರವಿಲ್ಲವೆಂದು 2023ರಲ್ಲಿ ತಿಳಿಸಿತು.

ತಡೆ ಉದ್ದವಾಗಿದ್ದರೆ ಬೈಪಾಸ್ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮಹಾಪಧಮನಿಯಿಂದ ಎರಡೂ ತೊಡೆಗಳಿಗೆ, ಕವೆಗೋಲಿನಂತೆ ಎರಡಾಗಿ ಸೀಳಿದ ಕೃತಕ ನಾಳವನ್ನು ಜೋಡಿಸಲಾಗುತ್ತದೆ. ತೊಡೆಯಿಂದ ಕೆಳಗಿನ ಬೈಪಾಸ್‌ಗೆ ರೋಗಿಯ ಕಾಲಿನದೇ ಅಭಿಧಮನಿ ಶ್ರೇಷ್ಠ. 1940ರ ದಶಕದ ಕೊನೆಯಲ್ಲಿ ಪ್ಯಾರಿಸ್‌ನ ಜಾನ್ ಕುನ್ಲಿನ್ ಈ ವಿಧಾನಕ್ಕೆ ನಾಂದಿ ಹಾಡಿದರು. ತೊಡೆಸಂದಿನಲ್ಲಿಯೇ ತಡೆಯಿದ್ದರೆ ನಾಳವನ್ನು ಸೀಳಿ ಗಡ್ಡೆಯನ್ನು ಕೆರೆದು ತೆಗೆಯುವುದುಂಟು.

ಯಾವುದು ಮೇಲು? ಒಂದೇ ಉತ್ತರವಿಲ್ಲ. ಉತ್ತಮ ಅಭಿಧಮನಿ ಲಭ್ಯವಿರುವ, ಕಾಲು ಕಳೆದುಕೊಳ್ಳುವ ಅಪಾಯದಲ್ಲಿರುವ ರೋಗಿಗಳಿಗೆ ಬೈಪಾಸ್ ಮೇಲೆಂದು 2022ರ ಅಧ್ಯಯನವೊಂದು ಹೇಳಿತು. ಮೊಣಕಾಲಿನ ಕೆಳಗಿನ ನಾಳಗಳಿಗೆ ಮೊದಲು ಬಲೂನ್ ಚಿಕಿತ್ಸೆಯೇ ಮೇಲೆಂದು 2023ರಲ್ಲಿ ಬ್ರಿಟನ್ನಿನ ಅಧ್ಯಯನ ಹೇಳಿತು. ರೋಗಿಯ ವಯಸ್ಸು, ಹೃದಯದ ಸ್ಥಿತಿ, ತಡೆಯ ಉದ್ದ ಹಾಗೂ ಅಭಿಧಮನಿಯ ಗುಣಮಟ್ಟ ನೋಡಿಯೇ ವೈದ್ಯರು ನಿರ್ಧರಿಸಬೇಕಾಗುತ್ತದೆ. ಕಾಲು ಕತ್ತರಿಸುವ ಸಲಹೆ ಬಂದಾಗ, ಸೋಂಕು ಮೈಗೆ ಏರುತ್ತಿರುವಂಥ ತುರ್ತು ಇಲ್ಲದಿದ್ದರೆ, ರಕ್ತನಾಳ ತಜ್ಞರ ಅಭಿಪ್ರಾಯವನ್ನೂ ಪಡೆಯುವುದು ರೋಗಿಯ ಹಕ್ಕು.

ಆರು ಗಂಟೆಗಳ ಗಡುವು

ಕೆಲವೊಮ್ಮೆ ನಾಳ ಹಠಾತ್ತನೆ ಮುಚ್ಚಿಕೊಳ್ಳುತ್ತದೆ. ಹೃದಯದ ಲಯ ತಪ್ಪಿದವರಲ್ಲಿ, ರುಮ್ಯಾಟಿಕ್ ಕಾಯಿಲೆಯಿಂದ ಹೃದಯದ ಕವಾಟ ಕಿರಿದಾದವರಲ್ಲಿ ಹೆಪ್ಪುಗಟ್ಟಿದ ರಕ್ತ ಹೃದಯದಿಂದ ಕಳಚಿ ಬಂದು ಕಾಲಿನ ನಾಳದಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಏಕಾಏಕಿ ತೀವ್ರ ನೋವು, ಕಾಲು ಬಿಳಿಚಿಕೊಳ್ಳುವುದು, ತಣ್ಣಗಾಗುವುದು, ನಾಡಿ ಸಿಗದಿರುವುದು, ಜೋಮು ಹಿಡಿಯುವುದು, ಬೆರಳು ಆಡಿಸಲು ಆಗದಿರುವುದು ಇದರ ಲಕ್ಷಣಗಳು. ರಕ್ತವಿಲ್ಲದೆ ಸ್ನಾಯುಗಳು ಸುಮಾರು ಆರು ಗಂಟೆಗಳಲ್ಲಿ ಶಾಶ್ವತ ಹಾನಿಗೆ ಒಳಗಾಗುತ್ತವೆ.

ಇಂಥ ಸಂದರ್ಭದಲ್ಲಿ ಎಣ್ಣೆ ತಿಕ್ಕುವುದು, ಬಿಸಿ ಶಾಖ ಕೊಡುವುದು, ಬೆಳಗಾಗಲೆಂದು ಕಾಯುವುದು ಸಲ್ಲದು. 108 ಆಂಬುಲೆನ್ಸ್ ಕರೆದು ತಕ್ಷಣ ದೊಡ್ಡ ಆಸ್ಪತ್ರೆ ತಲುಪಬೇಕು. ಹೆಪಾರಿನ್ ಚುಚ್ಚುಮದ್ದು ನೀಡಿ, ತುದಿಯಲ್ಲಿ ಬಲೂನ್ ಇರುವ ಫೊಗಾರ್ಟಿ ಕೊಳವೆಯಿಂದ ಹೆಪ್ಪನ್ನು ಹೊರಗೆಳೆಯಲಾಗುತ್ತದೆ. 1960ರ ದಶಕದ ಆರಂಭದಲ್ಲಿ ಬಂದ ಈ ಸರಳ ಸಾಧನ ಲೆಕ್ಕವಿಲ್ಲದಷ್ಟು ಕಾಲುಗಳನ್ನು ಉಳಿಸಿದೆ. ಆಯ್ದ ರೋಗಿಗಳಲ್ಲಿ ಹೆಪ್ಪು ಕರಗಿಸುವ ಔಷಧವನ್ನು ನಾಳದೊಳಗೇ ಹರಿಸುವುದೂ ಉಂಟು.

ಪಾದದ ಆರೈಕೆ

ಮಧುಮೇಹಿಗಳು ಹಾಗೂ ಈ ರೋಗವಿರುವವರು ಪ್ರತಿ ರಾತ್ರಿ ಪಾದ, ಬೆರಳ ಸಂದುಗಳನ್ನು ಪರಿಶೀಲಿಸಬೇಕು. ಹಿಮ್ಮಡಿ ನೋಡಿಕೊಳ್ಳಲು ಕನ್ನಡಿ ಅಥವಾ ಮನೆಯವರ ನೆರವು ಪಡೆಯಬಹುದು. ಬರಿಗಾಲಿನಲ್ಲಿ ನಡೆಯಬಾರದು, ಹೊಲದಲ್ಲಿ, ದೇವಾಲಯದ ಕಾದ ಹಾಸುಗಲ್ಲಿನ ಮೇಲೆ ವಿಶೇಷ ಎಚ್ಚರ ಅಗತ್ಯ. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳುವುದು, ಗಾಯಕ್ಕೆ ಸೊಪ್ಪು, ಸುಣ್ಣ ಮೆತ್ತುವುದು ಅಪಾಯಕಾರಿ. ಎರಡು ವಾರಗಳಲ್ಲಿ ಮಾಯುವ ಸೂಚನೆ ಕಾಣದ ಯಾವ ಗಾಯವನ್ನೂ ವೈದ್ಯರಿಗೆ ತೋರಿಸಲೇಬೇಕು. ಗಾಯ ಕಪ್ಪಾಗುತ್ತಿದ್ದರೆ, ಕೀವು ಅಥವಾ ಜ್ವರವಿದ್ದರೆ ಅದೇ ದಿನ ತೋರಿಸಬೇಕು.

ಎಲ್ಲಿ ಚಿಕಿತ್ಸೆ?

ಆರಂಭಿಕ ತಪಾಸಣೆಗೆ ಬೆಂಗಳೂರಿಗೆ ಹೋಗಬೇಕಿಲ್ಲ. ಗುಬ್ಬಿ, ಕುಣಿಗಲ್‌ನಂಥ ತಾಲ್ಲೂಕು ಕೇಂದ್ರಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಹಾಗೂ ಪಾದದ ನಾಡಿ ತಪಾಸಣೆ ಸಾಧ್ಯ. ಆದರೆ ರಕ್ತನಾಳ ಶಸ್ತ್ರಚಿಕಿತ್ಸಾ ತಜ್ಞರು ಬಹುಮಟ್ಟಿಗೆ ದೊಡ್ಡ ನಗರಗಳಲ್ಲಿಯೇ ಇದ್ದಾರೆ. ತುಮಕೂರಿನಿಂದ ಸುಮಾರು 70 ಕಿ.ಮೀ. ದೂರದ ಬೆಂಗಳೂರಿನಲ್ಲಿ ಸರ್ಕಾರಿ ಸ್ವಾಯತ್ತ ಸಂಸ್ಥೆಯಾದ ಜಯದೇವ ಹೃದ್ರೋಗ ಸಂಸ್ಥೆ ಇದ್ದು, ಮೈಸೂರು ಹಾಗೂ ಕಲಬುರಗಿಯಲ್ಲಿಯೂ ಅದರ ಶಾಖೆಗಳಿವೆ. ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ರಕ್ತನಾಳ ರೋಗಗಳಿಗೇ ಮೀಸಲಾದ ವಿಭಾಗವಿದೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಎಪಿಎಲ್ ಕುಟುಂಬಗಳಿಗೆ ನಿಗದಿತ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ತುರ್ತು ಸಂದರ್ಭ ಹೊರತುಪಡಿಸಿ, ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಯಾವ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ ಯೋಜನೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸುವುದು ಒಳಿತು.

ಮೂಟೆ ಹೊರುವವರಿಗೆ, ಹೊಲ ಉಳುವವರಿಗೆ, ಯಂತ್ರದ ಮುಂದೆ ನಿಲ್ಲುವವರಿಗೆ ಕಾಲೇ ಜೀವನೋಪಾಯ. ಅದು ಹೋದರೆ ಮನೆಯ ಆದಾಯವೂ ಹೋಗುತ್ತದೆ. ಐವತ್ತು ದಾಟಿದ ಧೂಮಪಾನಿಗಳು ಮತ್ತು ಮಧುಮೇಹಿಗಳು ಮುಂದಿನ ಬಾರಿ ವೈದ್ಯರ ಬಳಿ ಹೋದಾಗ ಸಕ್ಕರೆ, ರಕ್ತದೊತ್ತಡದ ಜೊತೆಗೆ ಪಾದದ ನಾಡಿಯನ್ನೂ ನೋಡುವಂತೆ ಕೇಳಬೇಕು. ಅದಕ್ಕೆ ತಗಲುವುದು ಒಂದೇ ನಿಮಿಷ.